ಪೂಲಿನ ಪಾಚಿ ಮತ್ತು ಇವರ ತಲೆ

ಬಾವಿ ಇದ್ದವರಿಗೆ ಗೌರವ, ಕೆರೆ ಇದ್ದವರಿಗೆ ಪುಣ್ಯ. ಸ್ವಿಮ್ಮಿಂಗ್ ಪೂಲ್ ಇದ್ದವರಿಗೆ ಪಾಚಿ ಮಾತ್ರ. ಎಂಬತ್ತರ ದಶಕದ ಮಣಿಪಾಲದಲ್ಲಿ ನಮ್ಮ ಅಂಗಳದಲ್ಲೊಂದು ಪೂಲ್ ಇತ್ತು. ದಾರಿಹೋಕರು ಕಾಂಪೌಂಡಿನ ಮೇಲಿಂದ ಇಣುಕಿ, "ಎಂತ ದೊಡ್ಡಸ್ತಿಕೆ!" ಎನ್ನುತ್ತಿದ್ದರು. ದೊಡ್ಡಸ್ತಿಕೆಯಲ್ಲ, ಅದು ಔಷಧಿ. ನನ್ನ ಗಂಡ ಕಾಪುವಿನ ಕಡಲಲ್ಲಿ ಈಜಿ ಬೆಳೆದವರು, ಹಡಗಿನ ಎಂಜಿನಿಯರ್ ಆಗಿ ರಿಟೈರ್ ಆದವರು. ಸ್ಟ್ರೋಕ್ ಬಂದು ಎಡಗಾಲು ಮುಷ್ಕರ ಹೂಡಿದಾಗ ಡಾಕ್ಟರು, "ದಿನಾ ನೀರಿನಲ್ಲಿ ಕಾಲಾಡಿಸಿದರೆ ನಡೆದಾರು, ಇಲ್ಲದಿದ್ದರೆ ಕುರ್ಚಿಯೇ ಗತಿ" ಎಂದರು. ಕಡಲಿನ ತೆರೆಗೆ ಎದುರು ನಿಲ್ಲುವ ಶಕ್ತಿ ಇವರಿಗಿರಲಿಲ್ಲ. ಹಾಗಾಗಿ ಅಂಗಳವನ್ನೇ ಅಗೆಸಿದೆವು.

ಈ ಟ್ರ್ಯಾಜಿಡಿಯನ್ನೆಲ್ಲ ಪಾಚಿಗೆ ಯಾರು ತಿಳಿಸುವುದು? ಸೋಮವಾರ ಉಜ್ಜಿದರೆ ಗುರುವಾರಕ್ಕೆ ಗೋಡೆಯ ಮೇಲೆ ಹಸಿರು ವೆಲ್ವೆಟ್. ಮೆಟ್ಟಿಲಲ್ಲಿ ಜಾರಿದರೆ ಇನ್ನೊಂದು ಕಾಲೂ ಹೋದೀತೆಂದು, ಪಾಚಿ ಕಂಡ ದಿನ ಇವರಿಗೆ ನಾನು ನೀರು ನಿಷೇಧಿಸುತ್ತಿದ್ದೆ. "ನೀಟ್‌ನೆಸ್, ಗರ್ಲ್ಸ್!" ಎಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಗಂಟಲು ಹರಿದುಕೊಂಡದ್ದೆಲ್ಲ ನನ್ನ ಬ್ರಶ್ಶಿಗೆ ಇಳಿದಿತ್ತು. ಇವರು ದಂಡೆಯಲ್ಲಿ ಟವೆಲ್ ಹೊದ್ದು ಕಾಯುತ್ತಿದ್ದರು.

"ಕಡಲಿಗೆ ಯಾರು ಬ್ಲೀಚಿಂಗ್ ಪೌಡರ್ ಹಾಕ್ತಾರೆ ಮಾರಾಯ್ತಿ?"

"ಕಡಲಿಗೆ ಮೆಟ್ಟಿಲಿಲ್ಲ. ನೀವು ಸುಮ್ಮನೆ ಕೂತ್ಕೊಳ್ಳಿ."

"ಕೂತೇ ಇದ್ದೇನಲ್ಲ. ಬೇರೆ ಎಂತ ಮಾಡ್ಲಿಕ್ಕುಂಟು ನನಗೆ?"

ನಾನು ಇನ್ನಷ್ಟು ಜೋರಾಗಿ ಉಜ್ಜಿದೆ. ಮಲ್ಪೆಯಿಂದ ಮೀನು ತರುವ ಗಿರಿಜಕ್ಕ ಬುಟ್ಟಿ ಇಳಿಸಿ, "ನಾಲ್ಕು ಮೀನು ಬಿಡಿ ಅಮ್ಮಾ. ಪಾಚಿಯೂ ಹೋಗ್ತದೆ, ಸಾರಿಗೂ ಆಗ್ತದೆ" ಎಂದಳು. ಇವರು ಹೊಟ್ಟೆ ಹಿಡಿದು ನಕ್ಕರು. "ದಿಸ್ ಈಸ್ ನಾಟ್ ಫನ್ನಿ" ಎಂದೆ. ಸಿಟ್ಟು ಬಂದಾಗ ನನಗೆ ಇಂಗ್ಲಿಷೇ ಬರುವುದು.

ಕೊನೆಗೆ ಕಾರ್ಕಳದಲ್ಲಿರುವ ನನ್ನ ತಮ್ಮ ಅಡಿಕೆಗೆ ಸಿಂಪಡಿಸುವ ಮೈಲುತುತ್ತು ತಂದುಕೊಟ್ಟ. "ಸ್ವಲ್ಪವೇ ಸಾಕು ಅಕ್ಕಾ" ಎಂದ. ಅಡುಗೆಮನೆಯಲ್ಲಿ ಪಳಗಿದ ಕೈ ಸ್ವಲ್ಪವನ್ನು ನಂಬೀತೇ? ಸೌಟು ಸೌಟಾಗಿ ಸುರಿದೆ. ಪಾಚಿ ಸತ್ತು ನೀರು ಪಿಕ್ಚರ್ ಪೋಸ್ಟ್‌ಕಾರ್ಡಿನಂತೆ ನೀಲಿಯಾಯಿತು. ಇವರು ಮನಸಾರೆ ಈಜಿದರು. ಎಡಗಾಲು ಕೂಡ ಒಂದಿಷ್ಟು ಒದೆಯಿತು. ಒಂದು ಭಾನುವಾರ ಕಾಫಿ ತಂದವಳು ಬಿಸಿಲಿಗೆ ಕುಳಿತಿದ್ದ ಇವರನ್ನು ನೋಡಿದೆ. ಮೈಲುತುತ್ತಿನ ತಾಮ್ರ ಹಿಡಿದು ಬೆಳ್ಳಗಿನ ಕೂದಲೆಲ್ಲ ಎಳೆ ಹಸಿರು! ಗೋಡೆಯಿಂದ ಓಡಿಸಿದ ಬಣ್ಣ ಗಂಡನ ತಲೆಗೇರಿತ್ತು.

ಇವರು ಕನ್ನಡಿಯಲ್ಲಿ ತಲೆಯನ್ನು ಆಚೀಚೆ ತಿರುಗಿಸಿ ನೋಡಿಕೊಂಡರು. ಆಮೇಲೆ, "ಒಳ್ಳೇದಾಯ್ತು. ಇಷ್ಟು ದಿನ ಗೋಡೆಯನ್ನೇ ಉಜ್ಜಿದೆಯಲ್ಲ, ಇನ್ನು ನನ್ನ ಸರದಿ" ಎಂದು ತಲೆ ಬಗ್ಗಿಸಿದರು. ಲಿಂಬೆಹುಳಿ ಹಚ್ಚಿ ತಿಕ್ಕಿದೆ. ಆ ತಲೆಯನ್ನು ಮುಟ್ಟದೆ ಎಷ್ಟು ಕಾಲವಾಗಿತ್ತೋ! ಬಣ್ಣ ಹೋಗಲಿಲ್ಲ. "ಗಡಿಬಿಡಿ ಇಲ್ಲ, ನಾಳೆಯೂ ತಿಕ್ಕು" ಎಂದರು.

ಆ ಮಳೆಗಾಲ ಮುಗಿಯುವ ಮೊದಲೇ ಎರಡನೆಯ ಸ್ಟ್ರೋಕ್ ಬಂದು ಇವರು ಹೋದರು. ಕೊನೆಯ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ ಚೂರು ಹಸಿರು ಇನ್ನೂ ಉಳಿದಿತ್ತು. ನನ್ನ ತಮ್ಮ ಸಾಬೂನು ಎತ್ತಿಕೊಂಡ. "ಇರಲಿ ಬಿಡು" ಎಂದೆ.

ಪೂಲ್ ಮುಚ್ಚಿಸಿ ಗುಲಾಬಿ ನೆಡಬಾರದೇ ಎಂದು ಎಲ್ಲರೂ ಕೇಳುತ್ತಾರೆ. ನನಗೆ ಈಜಲೂ ಬಾರದು. ಆದರೂ ಬೆಳಿಗ್ಗೆ ಬ್ರಶ್ ಹಿಡಿದು ಇಳಿಯುತ್ತೇನೆ. ಒಂದು ಮೂಲೆಯನ್ನು ಮಾತ್ರ ಬೇಕೆಂದೇ ಉಜ್ಜದೆ ಬಿಡುತ್ತೇನೆ. ಸಿಸ್ಟರ್ ಕಂಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಪಾಚಿ ಪೂರ್ತಿ ಹೋಗಿಬಿಟ್ಟರೆ ನಾಳೆ ಬೆಳಿಗ್ಗೆ ಬೇರೆ ಎಂತ ಮಾಡ್ಲಿಕ್ಕುಂಟು ನನಗೆ?