ಚಿಟ್ಟೆ ಬದುಕಿದ ಸೀರೆ

ಶಿಡ್ಲಘಟ್ಟದ ವಿಜ್ಞಾನ ಮೇಷ್ಟ್ರು ಭಾನುಪ್ರಕಾಶ್ ರೇಷ್ಮೆ ಕೊಳ್ಳುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ನೂಲು ಬಿಚ್ಚುವುದನ್ನು ತೋರಿಸಲು ಮಕ್ಕಳನ್ನು ಕರೆದೊಯ್ದವರು, ಕುದಿನೀರಿನಲ್ಲಿ ಗೂಡಿನೊಳಗೇ ಸಾಯುವ ಹುಳುಗಳ ಪಾಠ ಮಾಡುತ್ತಾ ತಾವೇ ಕಣ್ಣೀರಿಟ್ಟಿದ್ದರು. ಊರಿಗೆ ಊರೇ ರೇಷ್ಮೆಯಿಂದ ಅನ್ನ ತಿನ್ನುವಾಗ ಈ ವ್ರತ ಯಾರಿಗೆ ರುಚಿಸೀತು? ಹೆಂಡತಿ ಕವಿತಳ ತವರಿನವರದ್ದಂತೂ ಅದೇ ಕಸುಬು. ಇವತ್ತು ಚಿಂತಾಮಣಿಯಲ್ಲಿ ಅವಳ ಅಕ್ಕನ ಮಗಳು ಹರಿತಾಳ ನಿಶ್ಚಿತಾರ್ಥ. ಚಿಕ್ಕಪ್ಪನಾದವರು ರೇಷ್ಮೆ ಸೀರೆ ಕೊಡದಿದ್ದರೆ ಕವಿತ ತವರಿನಲ್ಲಿ ತಲೆ ಎತ್ತುವಂತಿರಲಿಲ್ಲ.

ಮೇಷ್ಟ್ರು ದಾರಿ ಹುಡುಕಿದ್ದರು. ಚಿಟ್ಟೆ ಗೂಡು ಕೊರೆದು ಜೀವಂತ ಹೊರಬಂದ ಮೇಲೆ ತೆಗೆದ ನೂಲಿನ ಸೀರೆಯನ್ನೇ ಮೂರು ಪಟ್ಟು ಬೆಲೆಗೆ ತರಿಸಿದರು. ಹೊಸ ಸ್ಕೂಟರಿನ ಆಸೆ ಅದರಲ್ಲೇ ಕರಗಿತು. ಎದೆ ಮಾತ್ರ ಉಬ್ಬಿಯೇ ಇತ್ತು.

ಐವತ್ತು ವರ್ಷ ನೂಲು ಬಿಚ್ಚಿದ ಅತ್ತೆ ಅಮ್ಮಾಜಮ್ಮ ಸೀರೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಗೋಣಿತಾಟಿನಂಗೆ ಒರಟಾಗೈತಲ್ಲ ಅಳಿಯಂದಿರೇ. ಯಾರೋ ನಿಮಗೆ ಟೋಪಿ ಹಾಕವ್ರೆ."

ಸೀರೆ ಹೆಂಗಸರ ಕೈಯಿಂದ ಕೈಗೆ ಹೋಯಿತು. ಒಬ್ಬರು ಕಿಟಕಿ ಪರದೆಗೆ ಸರಿ ಎಂದರು, ಇನ್ನೊಬ್ಬರು ದಿಂಬಿನ ಚೀಲಕ್ಕೆ. ಕವಿತಳ ಮುಖ ಸಪ್ಪಗಾಯಿತು.

ಮೇಷ್ಟ್ರು ಎದ್ದು ನಿಂತರು. ನುಣುಪು ಬೇಕೋ ಜೀವ ಬೇಕೋ ಎಂದು ಕೇಳಿ, ಒಂದು ಸೀರೆಗೆ ಸಾಯುವ ಸಾವಿರಾರು ಹುಳುಗಳ ಲೆಕ್ಕ ಒಪ್ಪಿಸಿದರು. ಹರಿತಾ ಆ ಸೀರೆ ಎತ್ತಿಕೊಂಡು ಒಳಗೆ ಹೋದಳು, ಅದನ್ನೇ ಉಟ್ಟು ಬಂದಳು.

"ಮದುವೆಗೂ ನಂಗೆ ಇಂಥದ್ದೇ ಬೇಕು" ಎಂದಳು.

"ಧಾರೆ ಸೀರೆ ನಂದೇ ಕಣಮ್ಮ" ಎಂದುಬಿಟ್ಟರು ಮೇಷ್ಟ್ರು. ಚಪ್ಪಾಳೆ ಬಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಕವಿತ ಗಂಡನನ್ನು ಹೆಮ್ಮೆಯಿಂದ ನೋಡಿದಳು. ಅವರಿಗೆ ಜನ್ಮ ಸಾರ್ಥಕವಾಯಿತು.

ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಆವುಲಪ್ಪ. ರೈತರಿಗೆ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೋಳಿಗೆ ಮುರಿಯುತ್ತಾ ಮೆಲ್ಲಗೆ ಹೇಳಿದರು.

"ಇಂಥ ಸೀರೆ ನೂಲಿಗೆ ತೂತು ಗೂಡು ನಮ್ಮ ಕೋಠಿಯಿಂದಲೇ ಹೋಗ್ತಿತ್ತು ಮೇಷ್ಟ್ರೇ. ಚಿಟ್ಟೆ ಬದುಕಿ ಬರ್ತದೆ, ನಿಜ. ಮೊಟ್ಟೆ ಇಕ್ಕಿದ ಮೇಲೆ ತಾಯಿಚಿಟ್ಟೆನ ಅರೆದು, ರೋಗ ಐತಾ ಅಂತ ಮೈಕ್ರೋಸ್ಕೋಪಲ್ಲಿ ನೋಡ್ತೀವಿ. ಮೂವತ್ತು ವರ್ಷ ನಾನೇ ಅರೆದಿದೀನಿ."

ಮೇಷ್ಟ್ರು ಕೈಯಲ್ಲಿದ್ದ ತುತ್ತನ್ನು ಎಲೆಗೇ ಹಾಕಿದರು. ಅಷ್ಟರಲ್ಲಿ ಹರಿತಾ ಭಾವಿ ಗಂಡನನ್ನು ಕರೆತಂದು ಕಾಲಿಗೆ ಬಿದ್ದಳು.

"ಚಿಕ್ಕಪ್ಪ, ನನ್ನ ಸೀರೆಯ ಚಿಟ್ಟೆಗಳೆಲ್ಲ ಈಗ ಎಲ್ಲಿರ್ತವೆ?"

ಹುಳುವಿಗಾಗಿ ಅತ್ತಿದ್ದ ಭಾನುಪ್ರಕಾಶ್ ಆವುಲಪ್ಪನವರ ಕಡೆ ನೋಡಲಿಲ್ಲ.

"ಹಾರಾಡ್ಕೊಂಡಿರ್ತವೆ ಕಣಮ್ಮ" ಎಂದರು.