ಹನ್ನೆರಡನೆಯ ಮೊಳೆಯ ಹದ್ದು

ನನ್ನ ಮಾವ ಎಲ್‌ವುಡ್ ಅವರ ಮನೆಯ ಗೋಡೆಯ ಮೇಲೆ ಹನ್ನೊಂದು ಫೋಟೋಗಳಿವೆ. ಮಗಳು, ಮಗ, ಸೊಸೆ, ಎಲ್ಲರೂ ಕಾಲಿಗೆ ಹಿಮದ ಮೇಲೆ ಜಾರುವ ಸ್ಕೀ ಹಲಗೆ ಕಟ್ಟಿಕೊಂಡು ಗಾಳಿಯಲ್ಲಿದ್ದಾರೆ (ನಾಯಿ ಮಾತ್ರ ಕಟ್ಟಿಕೊಂಡಿಲ್ಲ, ಆದರೂ ಗಾಳಿಯಲ್ಲಿದೆ). ಪ್ರತಿ ಫೋಟೋದ ಕೆಳಗೆ ಚೀಟಿ: ‘ಲೋರ್ನಾ, ಹೆಲಿಕಾಪ್ಟರ್’, ‘ವೆಂಡೆಲ್, ಹದ್ದು’. ಹೆಸರು, ಹಾರಿದ ಪಟ್ಟು. ಹನ್ನೆರಡನೆಯ ಮೊಳೆ ಮಾತ್ರ ನಾನು ಅಳಿಯನಾದ ಹತ್ತೊಂಬತ್ತು ವರ್ಷದಿಂದ ಖಾಲಿ. ಅದರ ಕೆಳಗೇ ಪ್ರತಿ ಭಾನುವಾರ ನನ್ನ ಊಟ. ನಾನು ಸ್ಕೇಟಿಂಗ್‌ನವನು ನೋಡಿ. ಹೆಪ್ಪುಗಟ್ಟಿದ ಕೆರೆಯ ಮೇಲೆ ಸಂಗೀತಕ್ಕೆ ತಕ್ಕಂತೆ ಜಾರುವವನನ್ನು ಆ ಮನೆಯಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ.

ಈ ಸಲ ಊರಿನ ಚಳಿಗಾಲದ ಹಬ್ಬದಲ್ಲಿ ನಲವತ್ತು ದಾಟಿದವರಿಗೂ ಪ್ರದರ್ಶನವಿತ್ತು. ಪಟ್ಟಿಯಲ್ಲಿ ‘ರೆಕ್ಕೆ ಬಿಚ್ಚಿದ ಹದ್ದು’ ಕಂಡದ್ದೇ ನಾನು ಕುಣಿದಾಡಿದೆ. ಸ್ಕೇಟಿಂಗ್‌ನಲ್ಲಿ ಅದು ನನಗೆ ನೀರು ಕುಡಿದಷ್ಟು ಸುಲಭ! ಹಿಮ್ಮಡಿಗಳು ಎದುರುಬದುರು, ಕಾಲ್ಬೆರಳು ಆಚೆಗೆ, ಕೈ ಚಾಚಿ, ಸಾಕ್ಷಾತ್ ಚಕ್ರವರ್ತಿಯ ಗತ್ತಿನಲ್ಲಿ ಜಾರುವುದು. ನೆಲ ಬಿಡುವ ಪ್ರಶ್ನೆಯೇ ಇಲ್ಲ.

“ಲೋರ್ನಾ, ಹೆಸರು ಬರೆಸಿ ಬಂದೆ. ಹದ್ದು!”

ಪ್ಯಾನ್‌ಕೇಕ್ ಮಗುಚುತ್ತಿದ್ದ ಹೆಂಡತಿ ತಿರುಗಿದಳು. “ಹದ್ದಾ? ನೀವಾ? ರೀ, ಅದೇನು ಅಂತ ಗೊತ್ತು ತಾನೆ?”

“ನಂಗೇ ಹೇಳಿಕೊಡ್ತೀಯಾ? ನಿನ್ನ ಕಟ್ಕೊಳ್ಳೋಕೆ ಮುಂಚಿಂದ ಮಾಡ್ತಿದೀನಿ!”

“ಸರಿ ಬಿಡಿ, ನಾನ್ಯಾಕೆ ಅಡ್ಡ ಬರ್ಲಿ,” ಎಂದು ನನ್ನ ತಟ್ಟೆಗೆ ಮೇಪಲ್ ಪಾಕ ಧಾರಾಳವಾಗಿ ಸುರಿದಳು. ಆ ಔದಾರ್ಯ ಕಂಡಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಹಬ್ಬದ ದಿನ ಸ್ಕೇಟ್ ಹೆಗಲಿಗೇರಿಸಿ ಕೆರೆಗೆ ಹೋದರೆ ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಜನವೆಲ್ಲ ಗುಡ್ಡದ ಬುಡದಲ್ಲಿ! ಬಾಮೈದ ವೆಂಡೆಲ್ ನನ್ನನ್ನು ಮೇಲಕ್ಕೆ ಕರೆದೊಯ್ದು ಕಾಲಿಗೆ ಸ್ಕೀ ಬಿಗಿದ.

“ಇದೇನೋ ಇದು? ನಾನು ಬರೆಸಿದ್ದು ಹದ್ದು!”

“ಹದ್ದೇ ಭಾವ. ನಿಮ್ಮ ಆಟದ ಹದ್ದು ನೆಲದ ಮೇಲೆ ನಡೆಯುತ್ತಂತೆ, ಅಕ್ಕ ಹೇಳಿದ್ಲು. ನಮ್ಮದು ಹಾರುತ್ತೆ. ಆ ಹಿಮದ ದಿಬ್ಬದಿಂದ ಎಗರಿ ಗಾಳೀಲಿ ಕೈಕಾಲು ಅಗಲಿಸಿದ್ರಾಯ್ತು.”

“ಒಂದೇ ಹೆಸರನ್ನ ಎರಡು ಆಟಕ್ಕೆ ಯಾಕ್ರಪ್ಪಾ ಇಟ್ರಿ!” ಮಾವನ ಗೋಡೆಯ ಮೇಲಿನ ವೆಂಡೆಲ್‌ನ ಹದ್ದು ನನಗೆ ನೆನಪಾದದ್ದೇ ಆಗ.

ಮೆಲ್ಲಗೆ ಇಳಿದು ಬರಬಹುದಿತ್ತು. ಆದರೆ ಕೆಳಗೆ ಮಾವ ಕ್ಯಾಮೆರಾ ಹಿಡಿದು ನಿಂತಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಖಾಲಿ ಮೊಳೆಗಾಗಿ ನಾನು ಸಾಯಲೂ ಸಿದ್ಧನಿದ್ದೆ.

ಜಾರಿದೆ. ಎಗರಿದೆ. ಕಾಲು ಅಗಲಿಸುವ ಬದಲು ಭಯಕ್ಕೆ ಎರಡನ್ನೂ ಮಡಚಿ ಒಂದೇ ಪಕ್ಕಕ್ಕೆ ಝಾಡಿಸಿದೆ. ಬಾಯಿಂದ ಬಂದ ಸದ್ದನ್ನು ಇಲ್ಲಿ ಬರೆಯಲಾರೆ. ಹಿಮದ ರಾಶಿಯಿಂದ ನನ್ನನ್ನು ಎಳೆದು ತೆಗೆದಾಗ ತೀರ್ಪುಗಾರ್ತಿ ಮೈಕಿನಲ್ಲಿ ಸಾರುತ್ತಿದ್ದಳು: “ಇದು ಹದ್ದಲ್ಲ! ಆದ್ರೆ ಇಷ್ಟು ಅಚ್ಚುಕಟ್ಟಾದ ಕತ್ತೆ ಒದೆತ ನಾನು ನೋಡೇ ಇಲ್ಲ. ಮೊದಲ ಬಹುಮಾನ!” (ಅದೂ ಅವರ ಆಟದಲ್ಲಿ ಒಂದು ಪಟ್ಟಂತೆ.)

ಮಾವ ಓಡಿ ಬಂದು ಅಪ್ಪಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು.

ಭಾನುವಾರ ಹೋಗಿ ನೋಡಿದರೆ ಹನ್ನೆರಡನೆಯ ಮೊಳೆಯಲ್ಲಿ ನಾನೇ ತೂಗುತ್ತಿದ್ದೆ. ಕೆಳಗೆ ಮಾವ ಸ್ವಹಸ್ತದಿಂದ ದಪ್ಪಕ್ಷರದಲ್ಲಿ ಬರೆದಿದ್ದರು: ‘ನಮ್ಮ ಅಳಿಯ, ಕತ್ತೆ.’

“ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ,” ಎಂದರು. “‘ಒದೆತ’ ಅಂತ ಬರೆಯೋಕೆ ಚೀಟೀಲಿ ಜಾಗ ಸಾಲಲಿಲ್ಲ.”