ಹತ್ತಡಿ ಜಿಮ್ಮು, ಇಬ್ಬರು ಅಳಿಯಂದಿರು

ಇದರಲ್ಲಿ ಬರೋದು ಅಕ್ಷರಕ್ಷರ ನಿಜ. ನಮ್ಮ ಅತ್ತೆಯ ತಲೆ ಮುಟ್ಟಿ ಆಣೆ ಇಡೋಣ ಅಂತ ಹೋಗಿದ್ದೆ. ಅವರು "ಬೇಡ ಮಾಪ್ಳೆ, ನಾನಿನ್ನೂ ನಾಲ್ಕು ದಿನ ಬದುಕಬೇಕು" ಅಂತ ತಲೆ ತಪ್ಪಿಸಿಕೊಂಡರು. ನಮ್ಮ ಕಡೆ ಅಳಿಯನನ್ನು ಕರೆಯೋದು ಮಾಪ್ಳೆ ಅಂತಲೇ. ಹಾಗಾಗಿ ಮಾಪ್ಳೆಯ ತಲೆಯನ್ನೇ ಮುಟ್ಟಿಕೊಂಡು ಹೇಳ್ತಿದ್ದೀನಿ: ಕಬ್ಬಿಣ, ಕಾಲೇಜು ಹುಡುಗರು, ಒಬ್ಬ ಷಡ್ಡಕ, ಇಷ್ಟೂ ಒಂದೇ ಕೋಣೆಯಲ್ಲಿ ಸೇರಿದರೆ ಇಂಥವು ಆಗ್ತಾನೇ ಇರ್ತವೆ.

ನಾನು ತಮಿಳುನಾಡಿನ ತೇನಿ ಕಡೆಯ ಕಾಮಯಗೌಂಡನ್‌ಪಟ್ಟಿಯವನು, ಮನೆಮಾತು ಕನ್ನಡ. ದ್ರಾಕ್ಷಿ ಬಳ್ಳಿಗೆ ಪಂದಲು, ಅಂದರೆ ಚಪ್ಪರ, ಹಾಕೋದು ನನ್ನ ಕಸುಬು. ಕಲ್ಲುಕಂಬ ನೆಟ್ಟು ತಂತಿ ಎಳೆಯೋರು ಕಂಬಂ ಕಣಿವೆಯಲ್ಲಿ ನೂರು ಜನ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನಾನು ಬಿಗಿದ ತಂತಿ ಮೇಲೆ ಕಾಗೆ ಕೂರೋಕೆ ಹೆದರುತ್ತೆ. ಒಮ್ಮೆ ಒಂದು ಕಾಗೆ ಕೂತು, ತಂತಿ ಚಿಮ್ಮಿ, ಗೂಡಲೂರಿನಲ್ಲಿ ಹೋಗಿ ಇಳೀತು. ಘಾಟಿಗೆ ಇನ್ನೂ ಸ್ವಲ್ಪ ದೂರ ಇತ್ತು, ಇಲ್ಲದಿದ್ದರೆ ಕೇರಳಕ್ಕೇ ಹೋಗ್ತಿತ್ತು.

ತೇನಿಯ ಒಂದು ಕಾಲೇಜಿನ ಹಾಸ್ಟೆಲ್ ವಾರ್ಡನ್ ನನ್ನ ಪಂದಲು ನೋಡಿ ಮರುಳಾಗಿ ಕೇಳಿದರು: "ನಮ್ಮಲ್ಲಿ ಮಹಡಿಗೊಂದು ಖಾಲಿ ಕೋಣೆ ಇದೆ. ಹತ್ತಡಿ ಉದ್ದ, ಹತ್ತಡಿ ಅಗಲ. ಹುಡುಗರು ದಿನವಿಡೀ ಕೂತು ಕೂತು ಮೂಟೆ ಆಗ್ತಿದ್ದಾರೆ. ಅಷ್ಟರಲ್ಲೇ ಒಂದು ಜಿಮ್ ಮಾಡಿಕೊಡೋಕೆ ಆಗುತ್ತಾ?"

"ಸಾರ್, ಎಕರೆಗಟ್ಟಲೆ ಬಳ್ಳಿಗೆ ಕಸರತ್ತು ಕಲಿಸಿದವನು ನಾನು. ಹುಡುಗರಿಗೆ ಎಲೆ ಕೂಡ ಇಲ್ಲ" ಅಂದೆ.

ಇನ್ನು ಷಡ್ಡಕ. ನನ್ನ ಹೆಂಡತಿಯ ತಂಗಿಯ ಗಂಡ. ದಿಂಡಿಗಲ್‌ನವನು, ಕಟ್ಟಡದ ಒಳಗಿನ ವಿನ್ಯಾಸ ಓದಿದವನು. ಕಾಲೇಜು ಹುಡುಗರಿಗೆ ಅಂಗೈಯಗಲ ಜಾಗದಲ್ಲಿ ಜಿಮ್ ಮಾಡಿಕೊಡೋದರಲ್ಲಿ ಎತ್ತಿದ ಕೈ ಅಂತೆ. ಈ 'ಅಂತೆ' ನನ್ನದು. ಪೆರಿಯಕುಳಂನ ಅತ್ತೆ ಮನೆಯಲ್ಲಿ ಯಾರೂ 'ಅಂತೆ' ಅನ್ನಲ್ಲ. ಬಂದ ನೆಂಟರಿಗೆಲ್ಲ ಅತ್ತೆ ನಮ್ಮನ್ನ ಪರಿಚಯಿಸೋದು ಹೀಗೆ: "ಚಿಕ್ಕ ಮಾಪ್ಳೆ ಡಿಸೈನ್ ಮಾಡ್ತಾರೆ. ದೊಡ್ಡ ಮಾಪ್ಳೆ ಗುಂಡಿ ತೋಡ್ತಾರೆ."

ನನಗೆ ಬೇಕಾಗಿದ್ದದ್ದು ಒಂದೇ. ಅವನು ಒಂದು ಸಲ, ಜೀವಮಾನದಲ್ಲಿ ಒಂದೇ ಒಂದು ಸಲ, ನನ್ನ ಕೆಲಸ ನೋಡಿ ಹೊಟ್ಟೆ ಉರಿಸಿಕೊಳ್ಳಬೇಕು. ನಾನು ಉರಿಸಿಕೊಂಡದ್ದರಲ್ಲಿ ನೂರಕ್ಕೆ ಒಂದು ಪಾಲು ಸಾಕು, ಜಾಸ್ತಿ ಕೇಳಲ್ಲ.

(ಇಲ್ಲಿ ಬರೋ ಹುಡುಗರು, ಸಾರ್‌ಗಳು ಎಲ್ಲ ಮಾತಾಡಿದ್ದು ತಮಿಳಿನಲ್ಲಿ. ಬರೆಯುವಾಗ ಅವರ ಬಾಯಿಗೂ ಕನ್ನಡ ಹಾಕಿದ್ದೀನಿ. ಅದು ಸುಳ್ಳಲ್ಲ, ಉಪಕಾರ.)

ಪಂದಲಿನ ಎತ್ತರ

ಮೊದಲನೇ ಕೋಣೆಗೆ ಪುಲ್-ಅಪ್ ಮಾಡೋಕೆ ಅಡ್ಡ ಸರಳು ಹಾಕಿದೆ. ಅಳತೆ ಟೇಪು ಯಾಕೆ? ನನ್ನ ಕೈಗೇ ಗೊತ್ತು ಎತ್ತರ. ಬೆಳಿಗ್ಗೆ ಹುಡುಗರು ಬಂದರು. ಮೊದಲನೆಯವನು ಸರಳು ಹಿಡಿದು ಜೋತುಬಿದ್ದ. ಮಂಡಿ ನೆಲಕ್ಕೆ ಬಡೀತು. ಎರಡನೆಯವನು ಉದ್ದನೆಯವನು. ಸರಳಿನ ಹತ್ತಿರ ಬಂದು ನಿಂತ, ಗಲ್ಲ ಆಗಲೇ ಸರಳಿಗಿಂತ ಮೇಲಿತ್ತು. "ಅಂಕಲ್, ನಂದು ಮುಗೀತು" ಅಂದ.

ಆಗ ಹೊಳೀತು. ನಮ್ಮ ಹೆಂಗಸರು ನಿಂತಲ್ಲೇ ಗೊಂಚಲು ಕೊಯ್ಯೋ ಎತ್ತರಕ್ಕೆ ಸರಳು ಹಾಕಿಬಿಟ್ಟಿದ್ದೆ. ಮೂವತ್ತು ವರ್ಷದಿಂದ ನನ್ನ ಕೈ ಹೋಗೋದು ಅಲ್ಲಿಗೇ.

ಅದೇ ಹೊತ್ತಿಗೆ ಸರಿಯಾಗಿ ಷಡ್ಡಕ ಬಂದ. ತೇನಿಗೆ ಬೇರೆ ಏನೋ ಕೆಲಸಕ್ಕೆ ಬಂದಿದ್ದನಂತೆ. "ಏನಣ್ಣಾ, ದ್ರಾಕ್ಷಿ ಯಾವಾಗ ಬಿಡುತ್ತೆ?" ಅಂದ.

ಸೋಲೋಕೆ ಆಗುತ್ತಾ? "ತಂಬಿ, ಇದು ಕಾಲು ಮಡಚಿ ಎತ್ತೋ ಪದ್ಧತಿ. ಮಂಡಿ ಮಡಚಿದರೆ ಹೊಟ್ಟೆಗೂ ಕೆಲಸ, ತೊಡೆಗೂ ಕೆಲಸ. ಬಿದ್ದರೂ ನೆಲ ಹತ್ತಿರ. ನಿಮ್ಮ ಪುಸ್ತಕದಲ್ಲಿ ಇಲ್ವಾ?"

ಅವನು ನಗಲಿಲ್ಲ. ಸರಳನ್ನ ಎರಡು ಸಲ ಸುತ್ತಿ ನೋಡಿದ. ಕಾಲು ಮಡಚಿ ತಾನೇ ನಾಲ್ಕು ಸಲ ಎತ್ತಿದ. ಫೋನಿನಲ್ಲಿ ಏನೋ ಬರೆದುಕೊಂಡ.

ಒಂದು ತಿಂಗಳಾಗಿರಲಿಲ್ಲ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಚಿತ್ರ ಬಂತು. ದಿಂಡಿಗಲ್‌ನ ಯಾವುದೋ ಹಾಸ್ಟೆಲ್, ಅದರಲ್ಲಿ ತಗ್ಗು ಸರಳು, ಸರಳಿನ ಪಕ್ಕ ನಗ್ತಾ ನಿಂತ ಷಡ್ಡಕ. ಕೆಳಗೆ ಅತ್ತೆ ಕಳಿಸಿದ ಧ್ವನಿ ಸಂದೇಶ: "ಚಿಕ್ಕ ಮಾಪ್ಳೆ ತಲೆ ಅಂದರೆ ತಲೆ! ಸೂರು ತಗ್ಗಿರೋ ಕೋಣೆಗೆ ಎಂಥ ಯೋಚನೆ!"

ನಾನು ಕಷ್ಟಪಟ್ಟು, ಒಬ್ಬನೇ, ಯಾರ ಸಹಾಯವೂ ಇಲ್ಲದೆ ಮಾಡಿದ ತಪ್ಪು ಅದು. ಅದನ್ನೂ ಹೊತ್ತುಕೊಂಡು ಹೋದ.

ಕನ್ನಡಿ

ಷಡ್ಡಕ ತನ್ನ ಕೋಣೆಗಳಲ್ಲಿ ಒಂದು ಗೋಡೆಗೆ ಕನ್ನಡಿ ಹಾಕ್ತಾನೆ, ಸಣ್ಣ ಕೋಣೆ ಎರಡರಷ್ಟು ಕಾಣುತ್ತೆ ಅಂತ ಸುದ್ದಿ ಬಂತು. ಸುದ್ದಿ ತಂದವಳು ನನ್ನ ಹೆಂಡತಿ. ತಂಗಿಯ ಗಂಡನ ವಿಷಯ ಹೇಳುವಾಗ ಇವಳ ಮುಖಕ್ಕೆ ಅದೆಲ್ಲಿಂದ ಬೆಳಕು ಬರುತ್ತೋ.

"ಒಂದು ಗೋಡೆಗೆ ಎರಡರಷ್ಟಾದರೆ, ಎರಡು ಗೋಡೆಗೆ ಎಷ್ಟು?" ಅಂತ ಕೇಳಿದೆ.

"ನಾಲ್ಕರಷ್ಟು" ಅಂದಳು.

ಎದುರುಬದುರು ಎರಡು ಗೋಡೆಗೂ ನೆಲದಿಂದ ಸೂರಿನವರೆಗೆ ಕನ್ನಡಿ ಹೊಡೆಸಿದೆ. ನಾಲ್ಕರಷ್ಟು ಎಲ್ಲಿ ಬಂತು! ಆ ಕೋಣೆಗೆ ಕೊನೆಯೇ ಇರಲಿಲ್ಲ. ಒಳಗೆ ನಿಂತು ನೋಡಿದರೆ ಆಂಡಿಪಟ್ಟಿ ಕಣಿವೆ ದಾಟಿ ಮಧುರೆ ತನಕ ಕೋಣೆಯೇ ಕೋಣೆ.

ಒಂದು ಕೋಣೆಗೆ ಆರು ಜನ ಅಂತ ಕಾಲೇಜಿನ ನಿಯಮ. ಆವತ್ತು ಒಳಗಿದ್ದವರು ನಾಲ್ಕೇ ಹುಡುಗರು. ವಾರ್ಡನ್ ಪರಿಶೀಲನೆಗೆ ಬಂದು ಬಾಗಿಲು ತೆಗೆದರು, ಕಣ್ಣು ಕೆಂಪಾಯಿತು. "ಆರು ಜನ ಅಂತ ಬರೆದು ಹಾಕಿಲ್ವಾ? ಇಡೀ ಹಾಸ್ಟೆಲ್ ಇಲ್ಲೇ ಇದೆಯಲ್ಲ! ನಡೀರಿ ಹೊರಗೆ!"

ನಾಲ್ಕು ಜನ ಹುಡುಗರು ತಲೆ ತಗ್ಗಿಸಿ ಹೊರಗೆ ಬಂದರು. ವಾರ್ಡನ್ ಮತ್ತೆ ಒಳಗೆ ಬಗ್ಗಿ ನೋಡಿದರು. ಕೋಪ ಇನ್ನೂ ಏರಿತು.

"ಹುಡುಗರು ಹೋಗಲಿ. ಬೋಳುತಲೆಯವರೆಲ್ಲ ಸಾಲಾಗಿ ನಿಂತಿದ್ದೀರಲ್ಲ, ವಯಸ್ಸಾದ ಮೇಲೆ ನಿಮಗೂ ಬುದ್ಧಿ ಬೇಡವಾ?"

ಗೋಡೆಯ ಒಳಗೆ

ಇಷ್ಟಾದ ಮೇಲೆ, ಷಡ್ಡಕ ಅಂಥದ್ದೇನು ಮಾಡ್ತಾನೆ ಅಂತ ಕಣ್ಣಾರೆ ನೋಡಿಬಿಡೋಣ ಅಂತ ಬಸ್ಸು ಹತ್ತಿ ದಿಂಡಿಗಲ್‌ಗೆ ಹೋದೆ. ಅವನು ಕೆಲಸ ಮಾಡಿದ್ದ ಹಾಸ್ಟೆಲ್ಲಿನ ಗೇಟಿನಲ್ಲಿ ಕಾವಲುಗಾರ ತಡೆದ.

"ಯಾರು ಬೇಕು?"

"ನನ್ನ ತಮ್ಮನ ಮಗ ಇಲ್ಲಿ ಓದ್ತಾನೆ."

"ಹೆಸರು?"

"ತಮ್ಮನದಾ, ಮಗನದಾ?"

"ಮಗನದು."

"ತಮ್ಮನದೇ ನೆನಪಿಲ್ಲ, ಮಗನದು ಎಲ್ಲಿಂದ ಹೇಳಲಿ? ನಮ್ಮದು ದೊಡ್ಡ ಕುಟುಂಬ" ಅಂದೆ. ಅವನಿಗೆ ಪಾಪ ಅನ್ನಿಸಿ ಒಳಗೆ ಬಿಟ್ಟ.

ಜಿಮ್ ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಯಿಂದ ಇಳಿಸಿಕೊಳ್ಳೋ ಒಂದು ಬೆಂಚು ಇತ್ತು. ಬೇಕಾದಾಗ ಕೆಳಗೆ ಎಳೀಬೇಕು, ಬೇಡದಾಗ ಮೇಲೆ ತಳ್ಳಿದರೆ ಗೋಡೆಯ ಗೂಡಿನಲ್ಲಿ ಕೂತುಬಿಡುತ್ತೆ. ಮರ, ತಿರುಗಣಿ, ಸ್ಪ್ರಿಂಗು, ಒಂದೊಂದನ್ನೂ ಬೆರಳಾಡಿಸಿ ನೋಡಿದೆ, ಒಂದು ತಪ್ಪೂ ಸಿಗಲಿಲ್ಲ. ಮಲಗಿ ನೋಡೋಣ ಅಂತ ಮಲಗಿದೆ. ಕೈಗೆ ಒಂದು ಕೊಕ್ಕೆ ಸಿಕ್ಕಿತು. ಇದೇನು ಅಂತ ಎಳೆದೆ.

ಬೆಂಚು ನನ್ನ ಸಮೇತ ಗೋಡೆಯೊಳಗೆ ಹೋಯಿತು.

ಬೆನ್ನಿಗೆ ಬೆಂಚು, ಮೂಗಿಗೆ ಗೋಡೆ. ಚಿತ್ರಕ್ಕೆ ಕಟ್ಟು ಹಾಕಿಸಿದ ಹಾಗೆ ನೆಟ್ಟಗೆ ನಿಂತಿದ್ದೀನಿ. ಕೂಗೋಣ ಅಂದರೆ ಹೊರಗೆ ಮಾತು ಕೇಳಿಸಿತು. ಷಡ್ಡಕನದೇ ದನಿ. ಜೊತೆಗೆ ಕಾಲೇಜಿನ ಯಾರೋ ದೊಡ್ಡವರು.

"ಈ ಹಗ್ಗದ ಬಿಗಿ ನೋಡಿ ಸಾರ್" ಅಂತ ಇವನು ಹೇಳ್ತಿದ್ದಾನೆ. "ಇದನ್ನ ಯಾವ ಕಾಲೇಜಿನಲ್ಲೂ ಕಲಿಸಲ್ಲ. ನಮ್ಮಣ್ಣ ಒಬ್ಬರಿದ್ದಾರೆ, ಕಂಬಂ ಕಡೆ. ಪಂದಲು ಹಾಕ್ತಾರೆ. ಅವರ ಕೈ ನೋಡಿ ನೋಡಿ ಕಲಿತದ್ದು. ಆ ತಗ್ಗು ಸರಳು ಕೂಡ ಅವರದೇ ಯೋಚನೆ. ಅವರಂಥ ಕೆಲಸಗಾರ ಈ ಸುತ್ತಿನಲ್ಲೇ ಇಲ್ಲ."

ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟು ಸುಲಭ ಇತ್ತು! ಬೈಯೋಕೂ ದಾರಿ ಇಲ್ಲದ ಹಾಗೆ ಮಾಡಿಬಿಟ್ಟ. ಗೋಡೆಯೊಳಗೆ ಉಸಿರು ಕಟ್ಟಿದ್ದು ಗಾಳಿ ಇಲ್ಲದೆ ಅಂತ ತಿಳ್ಕೋಬೇಡಿ.

"ಅಂಥವರನ್ನ ಒಮ್ಮೆ ನೋಡಬೇಕಲ್ಲ" ಅಂದರು ದೊಡ್ಡವರು.

"ಖಂಡಿತ ಕರೆಸ್ತೀನಿ ಸಾರ್. ಈಗ ಈ ಬೆಂಚು ನೋಡಿ" ಅಂತ ಷಡ್ಡಕ ಕೊಕ್ಕೆ ಬಿಡಿಸಿ ಎಳೆದ.

ನಾನು ಮಲಗಿದ ಹಾಗೇ ಕೆಳಗೆ ಬಂದೆ. ದೊಡ್ಡವರು ಎರಡು ಹೆಜ್ಜೆ ಹಿಂದೆ ಹಾರಿದರು. ಷಡ್ಡಕ ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಒಂದು ಸ್ವಲ್ಪವೂ ತಡವರಿಸಲಿಲ್ಲ.

"ಇವರೇ ಸಾರ್ ಆ ಅಣ್ಣ."

ಪಕ್ಕಪಕ್ಕದ ಕೋಣೆ

ತೇನಿಯ ಆ ಕಾಲೇಜು ಹೊಸ ಹಾಸ್ಟೆಲ್ ಕಟ್ಟಿತು. ಮಹಡಿ ಮಹಡಿಗೂ ಜಿಮ್. ಕೆಲಸ ಯಾರಿಗೆ ಅಂತ ನಿರ್ಧರಿಸೋಕೆ ಪ್ರಿನ್ಸಿಪಾಲರು ಒಂದು ಉಪಾಯ ಮಾಡಿದರು. ನೆಲಮಹಡಿಯಲ್ಲಿ ಪಕ್ಕಪಕ್ಕದ ಎರಡು ಹತ್ತಡಿ ಕೋಣೆ; ಒಂದು ನನಗೆ, ಒಂದು ಷಡ್ಡಕನಿಗೆ. ಹದಿನೈದು ದಿನ ಟೈಮು. ಆಮೇಲೆ ಬಂದು ನೋಡಿ, ಒಬ್ಬರನ್ನ ಆರಿಸ್ತಾರೆ.

ಷಡ್ಡಕ ಎರಡೇ ದಿನಕ್ಕೆ ಮುಗಿಸಿದ. ಗೋಡೆಗೊಂದು ಏಣಿ, ಮಡಚೋ ಬೆಂಚು, ಒಂದು ಹಗ್ಗ, ನೆಲಕ್ಕೆ ಹಾಸು. ನಡುವೆ ಎಲ್ಲ ಬಯಲು.

"ಉಳಿದದ್ದು ಎಲ್ಲಿ ತಂಬಿ?" ಅಂತ ಕೇಳಿದೆ.

"ಖಾಲಿ ಜಾಗವೇ ಇದರಲ್ಲಿ ಮುಖ್ಯ ಸಾಮಾನು ಅಣ್ಣಾ" ಅಂದ.

ಆ ಮಾತು ನನ್ನನ್ನ ಹದಿಮೂರು ದಿನ ಸುಡ್ತು. ದಿನಾ ಬಾಗಿಲ ಸಂದಿಯಿಂದ ಅವನ ಕೋಣೆ ನೋಡೋದು, ನನ್ನ ಕೋಣೆಗೆ ಬಂದು ಒಂದು ಸೇರಿಸೋದು. ಅವನದು ಒಂದು ಏಣಿಯಾ? ನನ್ನದು ಮೂರು, ಒಂದು ಅಡ್ಡಡ್ಡ. ಅವನದು ಒಂದು ಹಗ್ಗವಾ? ನನ್ನದು ಒಂಬತ್ತು. ಎತ್ತರದ ಸರಳು, ತಗ್ಗಿನ ಸರಳು, ಯಾವ ಎತ್ತರವೂ ಅಲ್ಲದ ಸರಳು. ಸುತ್ತ ತಂತಿ. ಕೊನೆಗೆ ಹದಿನೈದನೇ ದಿನ ಬಾಗಿಲು ತೆಗೆದು ನೋಡ್ತೀನಿ, ಆ ಕೋಣೆಯಲ್ಲಿ ಒಬ್ಬ ಮನುಷ್ಯ ನಿಲ್ಲೋಕೆ ಜಾಗ ಇಲ್ಲ. ಗಾಳಿ ಕೂಡ ಓರೆಯಾಗಿ ಹೋಗ್ತಿತ್ತು.

ನೋಡೋ ದಿನ ಬಂತು. ಪೆರಿಯಕುಳಂನಿಂದ ಅತ್ತೆ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದಿದ್ದರು. ಷಡ್ಡಕನ ಕೋಣೆ ನೋಡಿ, "ಕಲ್ಯಾಣ ಮಂಟಪದ ಹಾಗಿದೆ" ಅಂದರು. ನನ್ನದಕ್ಕೆ ಇಣುಕಿದರು. "ಮಾಪ್ಳೆ, ಸಾಮಾನೆಲ್ಲ ಒಳಗೇ ಇದೆ. ಯಾವಾಗ ಜೋಡಿಸ್ತೀರಾ?"

ಪ್ರಿನ್ಸಿಪಾಲರೂ ಇಣುಕಿದರು. ಮಡಿ ಬಿಳಿ ಪಂಚೆ, ತುಂಬುತೋಳಿನ ಬಿಳಿ ಅಂಗಿ. "ಕಸರತ್ತು ಮಾಡೋಕೆ ಜಾಗ ಎಲ್ಲಿದೆ?"

"ಕಿಟಕಿ ಹತ್ತಿರ ಸ್ವಲ್ಪ ಇದೆ ಸಾರ್" ಅಂದೆ. ಬೇರೆ ಏನು ಹೇಳಲಿ?

ಅವರು ನೋಡೇಬಿಡ್ತೀನಿ ಅಂತ ಒಳಗೆ ಹೋದರು. ಮೊದಲು ತಂತಿ ಕೆಳಗೆ ತೂರಿದರು. ಆಮೇಲೆ ಅಡ್ಡ ಏಣಿ ಹತ್ತಿದರು. ಆಮೇಲೆ ಕಾಲು ಒಂದು ಕಂಡಿತು. ಆಮೇಲೆ ಏನೂ ಕಾಣಲಿಲ್ಲ. ಒಳಗಿಂದ "ಅಪ್ಪಾ... ಮುರುಗಾ..." ಅಂತ ಆಗಾಗ ಕೇಳಿಸ್ತಿತ್ತು. ವಾರ್ಡನ್ ಆಂಬುಲೆನ್ಸಿಗೆ ಹೇಳೋಣವಾ ಅಂದರು. ನನ್ನ ಹೆಂಡತಿ ನನ್ನನ್ನು ನೋಡೋದನ್ನೇ ಬಿಟ್ಟಳು.

ಕಾಲು ಗಂಟೆ ಆದ ಮೇಲೆ ಪ್ರಿನ್ಸಿಪಾಲರು ಹೊರಗೆ ಬಂದರು. ಪಂಚೆ ಮಂಡಿಗಿಂತ ಮೇಲೆ ಕಟ್ಟಿದ್ದರು, ಅಂಗಿ ತೊಯ್ದು ಮೈಗೆ ಅಂಟಿತ್ತು, ಒಂದು ಚಪ್ಪಲಿ ಒಳಗೇ ಉಳಿದಿತ್ತು. ಮುಖ ಮಾತ್ರ ಹತ್ತನೇ ಕ್ಲಾಸಿನ ಹುಡುಗನದು.

"ಕಿಟಕಿ ಮುಟ್ಟಿ ಬಂದೆ!" ಅಂತ ಕೂಗಿದರು. "ಇಪ್ಪತ್ತು ವರ್ಷ ಆಗಿತ್ತು ಕಣ್ರೀ ನಾನು ಬೆವರಿ! ಇನ್ನೊಂದು ಸಲ ಹೋದರೆ ಬೇಗ ಬರ್ತೀನಿ, ದಾರಿ ಗೊತ್ತಾಯಿತು!"

ಅಲ್ಲಿದ್ದ ಹುಡುಗರನ್ನ ಕೇಳಬೇಕಾ? ಯಾರು ಬೇಗ ಕಿಟಕಿ ಮುಟ್ಟಿ ಬರ್ತಾರೆ ಅಂತ ಸಾಲು ಕಟ್ಟಿದರು. ಸಾಲು ಗೇಟಿನ ತನಕ ಹೋಯಿತು. ಪ್ರಿನ್ಸಿಪಾಲರು ನನ್ನ ಕೈ ಹಿಡಿದು, "ಎಲ್ಲ ಮಹಡಿಗೂ ಇದೇ" ಅಂದರು. ಅತ್ತೆ ಸೆರಗು ಸರಿಮಾಡಿಕೊಂಡು ವಾರ್ಡನ್‌ಗೆ ಹೇಳಿದರು: "ನಮ್ಮ ದೊಡ್ಡ ಮಾಪ್ಳೆ. ಡಿಸೈನ್ ಮಾಡ್ತಾರೆ."

ಆಗ ನಾನು ನಿಧಾನಕ್ಕೆ, ಬೇಕಂತಲೇ ನಿಧಾನಕ್ಕೆ, ಷಡ್ಡಕನ ಕಡೆ ತಿರುಗಿದೆ. ಆಹಾ! ಕಿವಿ ಕೆಂಡವಾಗಿತ್ತು. ಮೂಗಿನ ಹೊಳ್ಳೆ ಅರಳಿತ್ತು. ಹಲ್ಲು ಕಡಿಯೋ ಸದ್ದು ಎರಡು ಕೋಣೆಗೂ ಕೇಳಿಸ್ತಿತ್ತು. ಇಷ್ಟು ವರ್ಷ ನಾನು ಒಬ್ಬನೇ ಉರಿದ ಬೆಂಕಿ ಅವನ ಮುಖದ ಮೇಲೆ ಧಗಧಗ ಅಂತಿತ್ತು.

ತಲೆ ಮೇಲೆ ಕೈ ಇಟ್ಟುಕೊಂಡವನು, ಒಂದು ಸಣ್ಣ ವಿವರ ಒಪ್ಪಿಕೊಂಡುಬಿಡ್ತೀನಿ. ಈ ಕೊನೇ ನಾಲ್ಕು ಸಾಲು ನಾನು ಸೇರಿಸಿದ್ದು. ತಿರುಗಿ ನೋಡಿದಾಗ ಅವನು ಅಲ್ಲಿ ಇರಲೇ ಇಲ್ಲ. ಹುಡುಗರ ಸಾಲಿನ ಕೊನೆಯಲ್ಲಿ ನಿಂತು ತನ್ನ ಸರದಿಗೆ ಕಾಯ್ತಿದ್ದ. ಕಾದು, ಒಳಗೆ ಹೋಗಿ, ಕಿಟಕಿ ಮುಟ್ಟಿ ಬಂದು, ಏದುಸಿರು ಬಿಡ್ತಾ ನನ್ನನ್ನ ತಬ್ಬಿಕೊಂಡ. "ಅಣ್ಣಾ, ಇದು ನನಗೆ ಯಾವ ಜನ್ಮಕ್ಕೂ ಹೊಳೀತಿರಲಿಲ್ಲ" ಅಂದ.

ಅಂಥ ತಣ್ಣಗಿನ ಹೊಟ್ಟೆ ದೇವರು ಅವನಿಗೊಬ್ಬನಿಗೇ ಯಾಕೆ ಕೊಟ್ಟ ಅಂತ, ಆವತ್ತಿನಿಂದ ನನ್ನ ಹೊಟ್ಟೆ ಉರೀತಾನೇ ಇದೆ.